ಏಳು ಒಪ್ಪಿಕೊಂಡ ಒಂದೇ ಸಂಖ್ಯೆ

ಮಗು, ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಈ ಸಂಖ್ಯೆ ಬರೆದುಕೊ: 381654729. ಮೂವತ್ತೆಂಟು ಕೋಟಿ ದಾಟಿದ ಸಂಖ್ಯೆ. 1ರಿಂದ 9ರವರೆಗಿನ ಅಂಕಿಗಳೆಲ್ಲ ಒಂದೊಂದೇ ಸಲ ಬಂದಿವೆ. ಈಗ ಎಡಗಡೆಯಿಂದ ಓದುತ್ತಾ ಹೋಗು. 38ನ್ನು 2ರಿಂದ ಭಾಗಿಸಬಹುದು, 381ನ್ನು 3ರಿಂದ, 3816ನ್ನು 4ರಿಂದ, 38165ನ್ನು 5ರಿಂದ. ಹೀಗೇ ಇಡೀ ಸಂಖ್ಯೆಯನ್ನು 9ರಿಂದ ಭಾಗಿಸುವವರೆಗೂ ಎಲ್ಲೂ ಶೇಷ ಉಳಿಯುವುದಿಲ್ಲ. ಕೊನೆಗೊಂದು ಸೊನ್ನೆ ಹಾಕಿದರೆ 10ಕ್ಕೂ ಸರಿ.

ಇದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ನೀನು ಅಬ್ಬಾ ಎಂದು ನಾಲ್ಕು ಜನಕ್ಕೆ ಕಳಿಸಿ ಮರೆತುಬಿಡುತ್ತಿದ್ದೆ. ನನಗೆ ಸಂಕಟವಾಗುವುದು ಅಲ್ಲೇ. ಬೆರಗಾಗು, ಬೇಡ ಅನ್ನುವುದಿಲ್ಲ. ಆಮೇಲೆ ಪೆನ್ಸಿಲ್ ಹಿಡಿದು ಕೂರು. ಒಂಬತ್ತು ಅಂಕಿಗಳನ್ನು 3,62,880 ರೀತಿಯಲ್ಲಿ ಜೋಡಿಸಬಹುದು. ಅಷ್ಟರಲ್ಲಿ ಈ ಗುಣ ಇದೊಂದಕ್ಕೇ ಇದೆ. ಕಂಪ್ಯೂಟರು ಅಷ್ಟನ್ನೂ ಕ್ಷಣದಲ್ಲಿ ಜಾಲಾಡಿ ಹೌದು ಎನ್ನುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ತಾಳ್ಮೆ ಬೇಕು. ನಾಸಿಕ್ ಬಳಿಯ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಅವರಿಗೆ ಸ್ನಾತಕೋತ್ತರ ಪದವಿ ಇರಲಿಲ್ಲ. ಅಂಕಿಗಳ ಜೊತೆ ಕೂರುವ ತಾಳ್ಮೆ ಇತ್ತು, 6174 ಎಂಬ ಸಂಖ್ಯೆಯ ಒಂದು ವಿಶೇಷ ಗುಣ ಅವರಿಗೆ ಸಿಕ್ಕಿತು.

ಬಾ, ಕೂತು ನೋಡೋಣ. ಐದನೆಯ ಜಾಗ 5ಕ್ಕೇ ಮೀಸಲು, ಯಾಕೆಂದರೆ ಸೊನ್ನೆ ಇಲ್ಲ. ಎರಡು, ನಾಲ್ಕು, ಆರು, ಎಂಟನೆಯ ಜಾಗಗಳಲ್ಲಿ ಸಮ ಅಂಕಿಗಳೇ ಬರಬೇಕು, ಹಾಗಾಗಿ ಉಳಿದ ಕಡೆ ಬೆಸ. ಮೂರನೆಯದು ಬೆಸ ಆದದ್ದರಿಂದ, 4ರಿಂದ ಭಾಗವಾಗಲು ನಾಲ್ಕನೆಯದು 2 ಅಥವಾ 6 ಆಗಲೇಬೇಕು. 12, 16, 32, 36 ಎಂದು ಬರೆದು ನೋಡು, ತಿಳಿಯುತ್ತದೆ. ಎಂಟನೆಯ ಅಂಕಿಗೂ ಇದೇ ಕಟ್ಟು. ಅಲ್ಲಿಗೆ 4 ಮತ್ತು 8 ಎರಡನೆಯ, ಆರನೆಯ ಜಾಗಗಳಿಗೆ ಉಳಿದವು.

ಮೊದಲ ಮೂರು ಅಂಕಿಗಳ ಮೊತ್ತವೂ ಮೊದಲ ಆರರ ಮೊತ್ತವೂ 3ರಿಂದ ಭಾಗವಾಗಬೇಕಲ್ಲ? ಹಾಗಾದರೆ ನಡುವಿನ ಮೂರರ ಮೊತ್ತವೂ ಆಗಬೇಕು. ಅಲ್ಲಿ ಕೂರಬಲ್ಲವು 258 ಅಥವಾ 654, ಬೇರೆ ಯಾವುದೂ ಇಲ್ಲ. ಮೂರೂವರೆ ಲಕ್ಷಕ್ಕೂ ಮೀರಿದ ಗುಂಪು ಎಷ್ಟು ಬೇಗ ಕರಗಿತು ನೋಡು! ಈ ಘಟ್ಟ ನನಗೆ ಯಾವತ್ತೂ ಖುಷಿ ಕೊಡುತ್ತದೆ. ಒಂಬತ್ತರದು ಚಿಂತೆಯೇ ಇಲ್ಲ. ಎಲ್ಲ ಅಂಕಿಗಳ ಮೊತ್ತ 45, ಹೇಗೆ ಜೋಡಿಸಿದರೂ ಭಾಗವಾಗುತ್ತದೆ.

654ರ ದಾರಿ ಹಿಡಿದರೆ ಎರಡನೆಯದು 8, ಎಂಟನೆಯದು 2. ಏಳನೆಯದು 3 ಅಥವಾ 7, ಏಕೆಂದರೆ ಮೊದಲ ಎಂಟು ಅಂಕಿಗಳ ಕೊನೆಯ ಜೋಡಿ 32 ಇಲ್ಲವೇ 72 ಆಗಿದ್ದರಷ್ಟೇ 8ರಿಂದ ಭಾಗವಾಗುತ್ತದೆ. ಮೊದಲ ಮೂರರ ಲೆಕ್ಕ ಕೂಡಿಸಿ ನೋಡಿದರೆ ಎಂಟೇ ಎಂಟು ಸಂಖ್ಯೆ ಉಳಿಯುತ್ತವೆ. ಇನ್ನು 7ರ ಸರದಿ. 9876543ಕ್ಕೆ ಶೇಷ 5. 1836547ಕ್ಕೆ ಶೇಷ 6. 3816547 ಮಾತ್ರ 545221 ಸಲ ಸರಿಯಾಗಿ ಹೋಗುತ್ತದೆ. ಮಿಕ್ಕ ಐದನ್ನು ನೀನೇ ಭಾಗಿಸು, ಕ್ಯಾಲ್ಕ್ಯುಲೇಟರ್ ಮುಟ್ಟಬೇಡ.

258ರ ದಾರಿಯನ್ನು ಪೂರ್ತಿ ನಿನಗೇ ಬಿಟ್ಟಿದ್ದೇನೆ. ಅಲ್ಲಿ ಎರಡೇ ಸಂಖ್ಯೆ ಉಳಿಯುತ್ತವೆ, 7 ಎರಡನ್ನೂ ತಳ್ಳಿಹಾಕುತ್ತದೆ. ಅವು ಯಾವುವೆಂದು ಹುಡುಕಿಕೊಂಡು ಬಂದು ಹೇಳು.