ಕುಡಿತ ಬಿಡಿಸುವ ಖರ್ಚಿನ ಲೆಕ್ಕ

ಮದ್ಯವ್ಯಸನದ ಚಿಕಿತ್ಸೆಗೆಂದು ಕುಟುಂಬವೊಂದು ಕೂಡಿಟ್ಟ ಅಥವಾ ಸಾಲ ತಂದ ಹಣವು ಬಹುಮಟ್ಟಿಗೆ ರೋಗಿಯನ್ನು ಕೇಂದ್ರಕ್ಕೆ ಸೇರಿಸಿದ ದಿನವೇ ಕೈಬಿಟ್ಟು ಹೋಗುತ್ತದೆ; ಆದರೆ ಆ ಹಣದ ನಿಜವಾದ ಅಗತ್ಯ ಬೀಳುವುದು ಆತ ಮನೆಗೆ ಮರಳಿದ ಮೇಲಿನ ಒಂದೆರಡು ವರ್ಷಗಳಲ್ಲಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಂತಹ ಬರಪೀಡಿತ ಗಡಿ ಪ್ರದೇಶದಲ್ಲಿ, ದ್ರಾಕ್ಷಿ ದಾಳಿಂಬೆಯ ತೋಟವಿಲ್ಲದ ಅನೇಕ ಮನೆಗಳು ಕಬ್ಬು ಕಡಿಯುವ ಗ್ಯಾಂಗಿನ ಮುಂಗಡವನ್ನೇ ನಂಬಿಕೊಂಡಿರುವಲ್ಲಿ, ಹಣದ ಈ ಹಂಚಿಕೆ ತಪ್ಪಿದರೆ ಚಿಕಿತ್ಸೆಯೂ ಅರ್ಧಕ್ಕೆ ನಿಲ್ಲುತ್ತದೆ, ಸಾಲವೂ ಉಳಿಯುತ್ತದೆ.

ವೈದ್ಯರು 'ಅವಲಂಬನೆ' ಎಂದು ಕರೆಯುವ ಸ್ಥಿತಿಯಲ್ಲಿ ದೇಹವು ಮದ್ಯಕ್ಕೆ ಎಷ್ಟು ಒಗ್ಗಿರುತ್ತದೆಂದರೆ, ಕುಡಿತ ಹಠಾತ್ತನೆ ನಿಂತಾಗ ಕೈನಡುಕ, ಬೆವರು, ನಿದ್ರಾಹೀನತೆಗಳು ಕಾಣಿಸಿಕೊಂಡು, ಕೆಲವರಲ್ಲಿ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಮತ್ತು ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ಬಡಬಡಿಕೆಗಳಿಂದ ಕೂಡಿದ ಪ್ರಾಣಾಪಾಯದ ಸ್ಥಿತಿಯೂ ಉಂಟಾಗಬಹುದು. ಈ ಘಟ್ಟವನ್ನು ಔಷಧದ ಆಸರೆಯಲ್ಲಿ ದಾಟಿಸುವುದಕ್ಕೆ 'ಡಿಟಾಕ್ಸ್' ಎನ್ನುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಸಾಕು, ಮತ್ತು ಅದನ್ನು ಮನೆಯ ಕೋಣೆಯಲ್ಲಿ ಕೂಡಿಹಾಕಿ ಮಾಡುವಂತಿಲ್ಲ. ಡಿಟಾಕ್ಸ್ ಮುಗಿಯಿತೆಂದರೆ ಕಾಯಿಲೆ ಮುಗಿಯಿತೆಂದಲ್ಲ. ಮತ್ತೆ ಕುಡಿತಕ್ಕೆ ಬೀಳುವ 'ಮರುಕಳಿಕೆ'ಯು ಸಕ್ಕರೆ ಕಾಯಿಲೆಯ ಏರಿಳಿತದಂತೆ ಈ ರೋಗದ ಸ್ವಭಾವವೇ ಆಗಿರುವುದರಿಂದ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಮಾತ್ರೆಗಳೂ ಆಪ್ತಸಮಾಲೋಚನೆಯೂ ತಿಂಗಳುಗಟ್ಟಲೆ ಮುಂದುವರಿಯಬೇಕಾಗುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಮದ್ಯಾವಲಂಬಿಗಳಲ್ಲಿ 38 ಜನರಿಗೆ ಒಬ್ಬನಂತೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆಯೆಂದು ಹೇಳಿತು.

ಜತ್ತದ ಕುಟುಂಬಕ್ಕೆ ದಾರಿಗಳು ಎರಡು ದಿಕ್ಕಿನಲ್ಲಿವೆ. ಪಶ್ಚಿಮಕ್ಕೆ ಸಾಂಗಲಿಯ ಪದ್ಮಭೂಷಣ ವಸಂತದಾದಾ ಪಾಟೀಲ ಸರ್ಕಾರಿ ಆಸ್ಪತ್ರೆ ಮತ್ತು ಮಿರಜದ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯಗಳಿವೆ. ಪೂರ್ವದ ಉಮದಿ, ಸಂಖ ಭಾಗದ ಹಳ್ಳಿಗಳಿಗಾದರೋ ಸಾಂಗಲಿಗಿಂತ ವಿಜಯಪುರವೇ ಹತ್ತಿರ, ಅಲ್ಲಿಂದಾಚೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಮತ್ತು ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಳ್ಳ ಬೆಂಗಳೂರಿನ ನಿಮ್ಹಾನ್ಸ್ ಇವೆ. ಆಯ್ಕೆಯಲ್ಲಿ ಬಸ್ ಚಾರ್ಜಿನ ಲೆಕ್ಕವೂ ಸೇರುತ್ತದೆ. ಮಹಾರಾಷ್ಟ್ರದ ಎಸ್‌.ಟಿ. ಬಸ್ಸಿನಲ್ಲಿ 2023ರಿಂದ ಮಹಿಳೆಯರಿಗೆ ಅರ್ಧ ಟಿಕೆಟ್. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣವಾದರೋ ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ ಮಾತ್ರ ಇರುವುದರಿಂದ, ಗಂಡನನ್ನು ವಿಜಯಪುರಕ್ಕೆ ಕರೆದೊಯ್ಯುವ ಉಮದಿಯ ಹೆಣ್ಣುಮಗಳು ಕನ್ನಡದಲ್ಲೇ ಟಿಕೆಟ್ ಕೇಳಿದರೂ ಅಲ್ಲಿನ ಬಸ್ಸಿನಲ್ಲಿ ಪೂರ್ತಿ ಹಣ ತೆರಬೇಕು. ಇಷ್ಟಾದರೂ ಮನೆಮಾತು ಕನ್ನಡವಾಗಿರುವ ರೋಗಿಗೆ ಪೂರ್ವದ ದಾರಿಯೇ ಮೇಲೆಂಬುದು ಈ ಅಂಕಣದ ಅಭಿಪ್ರಾಯ. ಏಕೆಂದರೆ ಆಪ್ತಸಮಾಲೋಚನೆಯಲ್ಲಿ ಮಾತೇ ಔಷಧ, ಸಂತೆಯಲ್ಲಿ ಸಾಲುವಷ್ಟು ಮರಾಠಿಯಿಂದ ಮನಸ್ಸಿನ ನಾಚಿಕೆಯನ್ನು ಬಿಚ್ಚಿಡಲಾಗದು. ಮರಾಠಿ ಚೆನ್ನಾಗಿ ಬಲ್ಲವರಿಗೆ ಅನಿಲ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ಪುಣೆಯ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ವಿಷಯದಲ್ಲಿ ಹಣ ಕೊಡುವ ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ಫೋಟೋಗಳನ್ನಲ್ಲ, ರಸೀದಿ ಪುಸ್ತಕವನ್ನು. ಈ ಅಂಕಣಕಾರರ ಬಂಧುಬಳಗದ ಮನೆಯೊಂದು ಮೂರು ತಿಂಗಳ ಶುಲ್ಕವನ್ನು ಒಂದೇ ಗಂಟಾಗಿ ತೆತ್ತಿತ್ತು. ರೋಗಿ ಮೂರನೆಯ ವಾರದಲ್ಲೇ ಮನೆಗೆ ಬಂದಾಗ ಉಳಿದ ಹಣ ಕೇಳಲು ಹೋದವರಿಗೆ, ತಮ್ಮ ಕೈಯಲ್ಲಿದ್ದ ರಸೀದಿಯ ಮೇಲೆ ಊಟ, ಔಷಧ, ವೈದ್ಯರ ಶುಲ್ಕ ಎಂಬ ಯಾವ ವಿವರವೂ ಇಲ್ಲದೆ 'ದೇಣಿಗೆ' ಎಂಬ ಒಂದೇ ಶಬ್ದವಿರುವುದು ಆಗ ಕಾಣಿಸಿತು. ದೇಣಿಗೆಯನ್ನು ಮರಳಿ ಕೇಳುವುದು ಕಷ್ಟ, ಅದನ್ನು ತೋರಿಸಿ ವಿಮೆ ಪಡೆಯುವುದಂತೂ ಆಗದ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ತಂದಿರುವುದರಿಂದ, ಇಂಥ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಸ್ವಂತ ಇಚ್ಛೆಯಿಂದ ಸೇರಿದವನಿಗೆ ಹೊರಬರುವ ಹಕ್ಕೂ ಇದೆ. ನೋಂದಣಿ ಪತ್ರ ತೋರಿಸಲು ಹಿಂಜರಿಯುವ, ವಾರಕ್ಕೊಮ್ಮೆಯಾದರೂ ಮನೋವೈದ್ಯರು ಬರುವುದನ್ನು ಖಚಿತಪಡಿಸದ, ತಿಂಗಳ ಲೆಕ್ಕದಲ್ಲಿ ಹಣ ಪಡೆಯಲೊಪ್ಪದ ಕೇಂದ್ರಕ್ಕೆ ಹೋಗದಿರುವುದೇ ಲೇಸು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳನ್ನು ಮೊದಲು ವಿಚಾರಿಸಬೇಕು.

ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು ಮೇಲಿನ ಕಾಯ್ದೆ ಹೇಳುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ 12ನೆಯದು ಮದ್ಯ ಹಾಗೂ ಮಾದಕ ವ್ಯಸನದ ಚಿಕಿತ್ಸೆಯೇ ಆಗಿದೆ. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಳ್ಳುವ ಈ ಏರ್ಪಾಡನ್ನು ಏಜೆಂಟರು ತಾವಾಗಿ ವಿವರಿಸುವುದು ಅಪರೂಪ.

ದುಡ್ಡಿಲ್ಲದ ದಾರಿಗಳನ್ನು ಕಡೆಗಣಿಸಬಾರದು. ಪಂಢರಪುರದ ವಾರಕರಿ ಮಾಳೆ ಹಾಕಿಕೊಂಡು ಕುಡಿತ ತೊರೆದವರೂ, ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜೋಳಿಗೆಗೆ ಚಟವನ್ನು ಭಿಕ್ಷೆಯಾಗಿ ಹಾಕಿದವರೂ ಈ ಸೀಮೆಗೆ ಹೊಸಬರಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೂ ಕರ್ನಾಟಕದ ಹಳ್ಳಿಗಳಿಗೆ ಪರಿಚಿತ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಟ್ಟವರು ಮತ್ತು ಬಿಡಬಯಸುವವರು ಹೆಸರು ಬಯಲಾಗದಂತೆ ಒಟ್ಟಾಗಿ ಕೂರುವ ಸಭೆ, ಯಾವ ಶುಲ್ಕವನ್ನೂ ಕೇಳುವುದಿಲ್ಲ. ಆಣೆಯಾಗಲಿ ಮಾಳೆಯಾಗಲಿ ಮನಸ್ಸಿಗೆ ಬಲ ಕೊಡುತ್ತದೆ, ಫಿಟ್ಸನ್ನು ತಡೆಯುವುದಿಲ್ಲ. ಆದ್ದರಿಂದ ಮೊದಲು ಆಸ್ಪತ್ರೆ, ನಂತರ ಮಾಳೆ. ಇವೆಲ್ಲಕ್ಕಿಂತ ಬೇರೆಯಾದದ್ದು ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡಿರೆಂದು ಮಾರುವ ಪುಡಿ. ಅದರಲ್ಲಿ ಡೈಸಲ್ಫಿರಾಂ ಇದ್ದರೆ, ಅರಿವಿಲ್ಲದೆ ಅದನ್ನು ಸೇವಿಸಿದವನು ಮೇಲೆ ಮದ್ಯ ಕುಡಿದಾಗ ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾಗಬಹುದು. ಏನೂ ಇಲ್ಲದಿದ್ದರೆ ಕೊಟ್ಟ ದುಡ್ಡು ಮಣ್ಣುಪಾಲು.

ಹೀಗಾಗಿ ಜತ್ತದ ಮಿತ ಆದಾಯದ ಕುಟುಂಬವು ಡಿಟಾಕ್ಸನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮುಗಿಸಿಕೊಂಡು, ಕೂಡಿಟ್ಟ ಹಣದ ದೊಡ್ಡ ಪಾಲನ್ನು ಮುಂದಿನ ಹನ್ನೆರಡು ತಿಂಗಳ ಮಾತ್ರೆ, ಪ್ರಯಾಣ ಮತ್ತು ಭೇಟಿಯ ದಿನ ತಪ್ಪುವ ಕೂಲಿಗೆ ಕಾದಿರಿಸುವುದು ಯುಕ್ತವಾಗಿದೆ. ಒಮ್ಮೆ ಮರುಕಳಿಸಿದರೆ ಮತ್ತೆ ದಾಖಲಾಗಲು ಬೇಕಾದಷ್ಟನ್ನೂ ಅದರೊಳಗೇ ತೆಗೆದಿಡಬೇಕು. ಗ್ಯಾಂಗಿಗೆ ಹೋಗುವ ಮನೆಗಳಲ್ಲಿ ಕಬ್ಬಿನ ಹಂಗಾಮು ಮುಗಿದೊಡನೆ ಚಿಕಿತ್ಸೆ ಆರಂಭಿಸಿದರೆ ಮುಂದಿನ ಮುಂಗಡದ ಮಾತು ಬರುವ ಮೊದಲು ಕೆಲವು ತಿಂಗಳ ಅವಕಾಶ ಸಿಗುತ್ತದೆ, ಮತ್ತು ಆ ಮುಂಗಡವನ್ನು ರೋಗಿಯ ಕೈಗೆ ನಗದಾಗಿ ಕೊಡದೆ ಹೆಂಡತಿಯ ಅಥವಾ ತಾಯಿಯ ಖಾತೆಗೆ ಹಾಕುವಂತೆ ಗ್ಯಾಂಗಿನ ಮುಖ್ಯಸ್ಥನಾದ ಮುಕಾದಮನಿಗೆ ಮೊದಲೇ ಹೇಳಿಡಬೇಕು. ಎಲ್ಲಿಗೆ ಹೋಗಬೇಕೆಂದು ತೋಚದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಅಥವಾ ಹಗಲೂ ರಾತ್ರಿಯೂ ತೆರೆದಿರುವ, ಕನ್ನಡದಲ್ಲೂ ಮಾತನಾಡಬಹುದಾದ ಟೆಲಿ ಮಾನಸ್ 14416ಕ್ಕೆ ಕರೆಮಾಡಬಹುದು, ಎರಡೂ ಉಚಿತ.