ಅಕ್ಷರಪರದೆಯ ಪ್ರತಿಯೂ ಕನ್ನಡವೂ

ಲಿನಕ್ಸ್ ಗಣಕಯಂತ್ರದಲ್ಲಿ ಚಿತ್ರಗಳೊಂದೂ ಏಳದೆ, ಬರಿಯ ಅಕ್ಷರಗಳ ಕರಿಯ ಪರದೆಯಷ್ಟೇ ಉಳಿಯುವ ಸಂದರ್ಭಗಳುಂಟು. ಯಂತ್ರ ತನ್ನ ದೋಷವನ್ನು ಹೇಳಿಕೊಳ್ಳುವುದು ಅಲ್ಲಿಯೇ. ಬಲ್ಲವರಿಗೆ ಅದನ್ನು ತೋರಿಸಲು ನಾವು ಫೋನಿನಲ್ಲಿ ಫೋಟೋ ತೆಗೆಯುತ್ತೇವೆ. ಆದರೆ ಪರದೆಯೇ ತನ್ನ ಪ್ರತಿಯನ್ನು ಕೊಡಬಲ್ಲದು.

ಕಂಟ್ರೋಲ್, ಆಲ್ಟ್, ಎಫ್2 ಕೀಲಿಗಳನ್ನು ಒಟ್ಟಿಗೆ ಒತ್ತಿ ಎರಡನೆಯ ಪರದೆಗೆ ಹೋಗಬೇಕು. ಮೊದಲ ಪರದೆಯ ಅಕ್ಷರಗಳು ‘ಡೆವ್’ ಎಂಬಲ್ಲಿ ‘ವಿಸಿಎಸ್1’ ಎಂಬ ಕಡತವಾಗಿ ದೊರೆಯುತ್ತವೆ. ‘ಕ್ಯಾಟ್’ ಆಜ್ಞೆಯಿಂದ ಅದನ್ನು ಬೇರೊಂದು ಕಡತಕ್ಕೆ ಹರಿಸಿದರಾಯಿತು. ಇದಕ್ಕೆ ‘ರೂಟ್’ ಅಧಿಕಾರ ಬೇಕು. 80 ಅಕ್ಷರಗಳ 25 ಸಾಲಿನ ಪರದೆಯಾದರೆ 2000 ಬೈಟುಗಳು ಬರುವುವು. ಸಾಲು ಮುರಿಯುವ ಗುರುತು ಅದರಲ್ಲಿರದು; ‘ಫೋಲ್ಡ್’ ಆಜ್ಞೆಗೆ 80 ಎಂದು ಹೇಳಿ ಸಾಲು ಮಾಡಿಕೊಳ್ಳಬೇಕು. ಚಿತ್ರವೇ ಬೇಕೆಂಬವರಿಗೆ ‘ಎಫ್‌ಬಿಗ್ರ್ಯಾಬ್’ ಉಂಟು.

ಕನ್ನಡಿಗರು ಗಮನಿಸಬೇಕಾದುದು ಬೇರೆಯೇ ಇದೆ. ಈ ಪರದೆಯ ಅಕ್ಷರಭಂಡಾರದಲ್ಲಿ ಹೆಚ್ಚೆಂದರೆ 512 ರೂಪಗಳು. ಗುಣಿತ, ಒತ್ತಕ್ಷರಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ‘ಮಂಡಿಕಲ್’ ಎಂದು ಬರೆದಿಟ್ಟ ಕಡತವನ್ನು ಅಲ್ಲಿ ತೆರೆದರೆ ಹೆಸರಿನ ಬದಲು ಚೌಕಗಳಂಥ ಗುರುತುಗಳು, ಪ್ರತಿಯಲ್ಲಿಯೂ ಅವೇ. ಕಡತ ಹಾಳಾಯಿತೆಂದು ಅಳಿಸಿಬಿಡಬಾರದು! ‘ಡಬ್ಲ್ಯುಸಿ’ ಆಜ್ಞೆಯಿಂದ ಬೈಟುಗಳನ್ನು ಎಣಿಸಬೇಕು. ಆ ಹೆಸರಿಗೆ ಏಳು ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ತಲಾ 3 ಬೈಟಿನಂತೆ 21, ಸಾಲಿನ ಕೊನೆಯ ಗುರುತು ಸೇರಿದರೆ 22. ಅಕ್ಷರಗಳು ನಿಜವಾಗಿಯೇ ಪ್ರಶ್ನಚಿಹ್ನೆಗಳಾಗಿ ಕೆಟ್ಟಿದ್ದರೆ 7, ಆ ಗುರುತೂ ಸೇರಿದರೆ 8 ಮಾತ್ರ ಬರುತ್ತಿತ್ತು. ಆದುದರಿಂದ ದೋಷವಾಕ್ಯಕ್ಕೆ ಪರದೆಯ ಪ್ರತಿ ಸಾಕು. ಕನ್ನಡ ಬರಹವಾದರೆ ಮೂಲ ಕಡತವನ್ನೇ ಕಳುಹಿಸತಕ್ಕದ್ದು.