ಸ್ಕಿಪ್ ಒತ್ತುವ ಮುಂಚೆ: ಅನಿಮೆಯ ಓಪನಿಂಗ್ ಮತ್ತು ಎಂಡಿಂಗ್ ಹಾಡುಗಳು

ಜಪಾನಿನ ಟಿವಿ ಅನಿಮೆಯ ಒಂದು ಎಪಿಸೋಡ್ ಸುಮಾರು 24 ನಿಮಿಷ ಇರುತ್ತೆ. ಅದರಲ್ಲಿ ಸಾಮಾನ್ಯವಾಗಿ 90 ಸೆಕೆಂಡ್ ಓಪನಿಂಗ್ ಹಾಡಿಗೆ, 90 ಸೆಕೆಂಡ್ ಎಂಡಿಂಗ್ ಹಾಡಿಗೆ ಹೋಗುತ್ತೆ. ಅಂದ್ರೆ ಎಂಟನೇ ಒಂದು ಭಾಗ! ನಾವು ಮಾತ್ರ ಎರಡನ್ನೂ ಸ್ಕಿಪ್ ಮಾಡ್ತೀವಿ. ಹಾಗಾದ್ರೆ ನಾವು ಕಳೆದುಕೊಳ್ಳೋದು ಏನು? 1998ರಲ್ಲಿ ಶುರುವಾದ ‘ಕೌಬಾಯ್ ಬೀಬಾಪ್’ ಸರಣಿಯನ್ನೇ ಉದಾಹರಣೆಯಾಗಿ ನೋಡೋಣ. ನಿರ್ದೇಶಕರು ಶಿನ್‌ಇಚಿರೋ ವಾತಾನಾಬೆ, ಸಂಗೀತ ಯೋಕೋ ಕಾನ್ನೋ ಅವರದ್ದು.

ಓಪನಿಂಗ್‌ನ ಕೆಲಸ

ಓಪನಿಂಗ್ ಹಾಡಿನ ಹೆಸರು ‘ಟ್ಯಾಂಕ್!’. ಇದರಲ್ಲಿ ಹಾಡುಗಾರಿಕೆ ಇಲ್ಲ. ಶುರುವಿನಲ್ಲಿ ಸ್ವಲ್ಪ ಮಾತು, ಆಮೇಲೆ ಪೂರ್ತಿ ಜಾಝ್ ವಾದ್ಯಗಳ ಅಬ್ಬರ. ಪರದೆ ಮೇಲೆ ಗಾಢ ಬಣ್ಣಗಳ ಮುಂದೆ ಪಾತ್ರಗಳ ನೆರಳುಗಳು ಓಡ್ತವೆ. ಕಥೆ ಏನಂತ ಹೇಳಲ್ಲ, ಆದ್ರೆ ನಮ್ಮ ಮೂಡ್ ರೆಡಿ ಮಾಡುತ್ತೆ.

ಎಂಡಿಂಗ್‌ನ ಕೆಲಸ

ಎಂಡಿಂಗ್ ಇದಕ್ಕೆ ಉಲ್ಟಾ. ಮಾಯಿ ಯಾಮಾನೆ ಹಾಡಿದ ‘ದ ರಿಯಲ್ ಫೋಕ್ ಬ್ಲೂಸ್’ನಲ್ಲಿ ನೋವಿದೆ. ಜೊತೆಗೆ ಬರೋ ಬಣ್ಣಗೆಟ್ಟ ಚಿತ್ರಗಳಲ್ಲಿ ನಾಯಕ ಸ್ಪೈಕ್‌ನ ಹಳೇ ಬದುಕಿನ ತುಣುಕುಗಳಿವೆ. ಎಪಿಸೋಡ್ ಎಷ್ಟೇ ತಮಾಷೆಯಾಗಿರಲಿ, ಅವನು ಮರೆಯೋಕೆ ಆಗದ ಒಂದು ವಿಷಯ ಇದೆ ಅಂತ ಎಂಡಿಂಗ್ ಪ್ರತಿ ಸಲ ನೆನಪಿಸುತ್ತೆ.

ಒಂದೇ ಹಾಡು ಯಾಕೆ ಮತ್ತೆ ಮತ್ತೆ?

ಇದೇ ಮುಖ್ಯ ಪಾಯಿಂಟ್. ಲ್ಯಾಬ್‌ನಲ್ಲಿ ರೀಡಿಂಗ್ ಬದಲಾಯ್ತು ಅನ್ನಬೇಕಾದ್ರೆ ಮೊದಲು ಒಂದು ಸ್ಥಿರವಾದ ರೀಡಿಂಗ್ ಬೇಕು ಅಲ್ವಾ? ಇಲ್ಲೂ ಹಾಗೇ. ಒಟ್ಟು 26 ಎಪಿಸೋಡ್‌ಗಳಲ್ಲಿ 24ಕ್ಕೆ ಎಂಡಿಂಗ್ ಹಾಡು ಒಂದೇ. ಎರಡರಲ್ಲಿ ಮಾತ್ರ ಬೇರೆ. 13ನೇ ಎಪಿಸೋಡ್ ‘ಸ್ಪೇಸ್ ಲಯನ್’ ಜೊತೆ ಮುಗಿಯುತ್ತೆ, ಕೊನೆಯದು ‘ಬ್ಲೂ’ ಜೊತೆ. ಕಥೆ ಹೇಳಿ ನಿಮ್ಮ ಮಜಾ ಹಾಳು ಮಾಡಲ್ಲ. ಆದ್ರೆ ಅಭ್ಯಾಸವಾದ ಹಾಡು ಬರದೇ ಇದ್ದಾಗ, ಏನೋ ದೊಡ್ಡದು ನಡೆದುಹೋಯ್ತು ಅಂತ ಕಿವಿಗೇ ಗೊತ್ತಾಗುತ್ತೆ. ಪ್ರತಿ ಸಲ ಸ್ಕಿಪ್ ಒತ್ತಿದವರಿಗೆ ಕೊನೆಯ ಹಾಡು ಸಿಗುತ್ತೆ, ಆ ಬದಲಾವಣೆ ಸಿಗಲ್ಲ.

26 ಎಪಿಸೋಡ್‌ಗಳ ಎಂಡಿಂಗ್‌ಗೆ ತಲಾ 90 ಸೆಕೆಂಡ್ ಅಂತ ಲೆಕ್ಕ ಹಾಕಿದ್ರೂ 39 ನಿಮಿಷ, ನಮ್ಮ ಒಂದು ಕ್ಲಾಸ್‌ಗಿಂತ ಕಡಿಮೆ. ಮುಂದಿನ ಸಲ ಹೊಸ ಅನಿಮೆ ಶುರು ಮಾಡಿದಾಗ ಎರಡೂ ಹಾಡು ಪೂರ್ತಿ ಕೇಳಿ. ಯಾವ ಎಪಿಸೋಡ್‌ನಲ್ಲಿ ಹಾಡು ಬದಲಾಯ್ತು, ಯಾಕೆ ಅಂತ ಗಮನಿಸಿ. ಉತ್ತರ ಕಥೆಯಲ್ಲೇ ಇರುತ್ತೆ.